ಇಂದು ಕಳಿಸಿದ್ದು: ಹನ್ನೊಂದು

ಬಸ್ಸು ಹಾಲಿನ ಕಾರ್ಖಾನೆ ದಾಟುವ ಹೊತ್ತಿಗೆ ವೀಬನಿಗೆ ತಾನು ಏನೂ ಕಲಿತೇ ಇಲ್ಲ ಅನ್ನಿಸಿತು. ಹತ್ತು ತಿಂಗಳು, ವಾರಕ್ಕೆ ನಾಲ್ಕು ದಿನ, ಮಗಳ ವಯಸ್ಸಿನ ಟೀಚರ್ ನೋರ್ ಮುಂದೆ ಬೆಂಚಿನ ಮೇಲೆ ಕೂತು ವೆಬ್‌ಸೈಟ್ ಕಟ್ಟುವುದನ್ನು ಕಲಿತಿದ್ದ. ಪುಟದ ಎಲುಬು ಬರೆಯುವುದು, ಎಲುಬಿಗೆ ಬಣ್ಣ ಬಟ್ಟೆ ತೊಡಿಸುವುದು, ಗುಂಡಿ ಒತ್ತಿದರೆ ಏನಾಗಬೇಕೆಂದು ಅದಕ್ಕೆ ಬುದ್ಧಿ ಹೇಳುವುದು. ಈಗ ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿದರೆ ಒಂದು ಸಾಲೂ ನೆನಪಾಗುತ್ತಿಲ್ಲ. ಜಾಹೀರಾತಿನಲ್ಲಿ 'ಹಸಿವಿರುವ ಹೊಸಬರು ಬೇಕು' ಎಂದಿತ್ತು. ಹೊಸಬನೇನೋ ಸರಿ, ನಲವತ್ತೊಂಬತ್ತು ವರ್ಷದ ಹೊಸಬ. ಹಸಿವು ಅಂದರೆ, ಬೆಳಿಗ್ಗೆ ಎರಡು ತುಂಡು ಬ್ರೆಡ್ಡಿನ ಮೇಲೆ ಚೀಸ್ ಇಟ್ಟು ತಿಂದಿದ್ದ, ಮೂರನೆಯದನ್ನು ಹೆಂಡತಿ ಆಫ್ಕೆ ಡಬ್ಬಿಗೆ ಹಾಕಿ ಕೊಟ್ಟಿದ್ದಳು. "ಸ್ಕೂಲಿಗೆ ಹೋಗೋ ಹುಡುಗನ ಥರ ಕಾಣ್ತಿದ್ದೀಯ, ಕಾಲರ್ ಸರಿ ಮಾಡ್ಕೋ," ಎಂದು ನಕ್ಕಿದ್ದಳು. ನಕ್ಕವಳ ಕಣ್ಣು ಕ್ಯಾಲೆಂಡರಿನ ಕಡೆಗೊಮ್ಮೆ ಹೋಗಿ ಬಂತೆಂದು ಅವನಿಗೆ ಬಸ್ ಹತ್ತಿದ ಮೇಲೆ ಅನ್ನಿಸತೊಡಗಿತ್ತು. ಇಂದು ಮೇ ಹದಿನಾಲ್ಕು. ಹತ್ತು ಗಂಟೆಗೆ ಲೇವಾರ್ಡನ್ ನಗರದಲ್ಲಿ ಸಂದರ್ಶನ. ಇಂದಿನ ಮಟ್ಟಿಗೆ ಅಷ್ಟೇ ಸಾಕು, ಬೇರೇನೂ ಯೋಚಿಸಬೇಡ ಎಂದು ತನಗೆ ತಾನೇ ಹೇಳಿಕೊಂಡ.

ಕಾಲುವೆಯ ಪಕ್ಕದಲ್ಲೇ ರಸ್ತೆ. ಸೇತುವೆಯ ಹತ್ತಿರ ಬಸ್ಸು ನಿಂತಿತು, ಕೆಂಪು ದೀಪ, ಎರಡು ಹಾಯಿದೋಣಿ ದಾಟಬೇಕಿತ್ತು. ಸೇತುವೆ ತಾನಾಗಿಯೇ ಎದ್ದಿತು. ಇಪ್ಪತ್ತಮೂರು ವರ್ಷ ಅದನ್ನು ಎತ್ತಿದವನು, ಇಳಿಸಿದವನು ಅವನೇ. ಸೇತುವೆ ಪಕ್ಕದ ಗುಡಿಸಲಿನ ಕಿಟಕಿಯಿಂದ ಗಾಳದ ಕೋಲಿಗೆ ಕಟ್ಟಿದ ಮರದ ಬೂಟನ್ನು ದೋಣಿಯವರ ಮೂಗಿನ ಮುಂದೆ ತೂಗಿಸಿ, ಅವರು ಅದರೊಳಗೆ ಸುಂಕದ ಚಿಲ್ಲರೆ ಹಾಕಿದರೆ ಟೊಪ್ಪಿಗೆ ಮುಟ್ಟಿ ಸಲಾಮು ಮಾಡುತ್ತಿದ್ದ. ಈಗ ಎಲ್ಲೋ ದೂರದ ಊರಿನ ಕೋಣೆಯಲ್ಲಿ ಕೂತ ಯಾರೋ ಕ್ಯಾಮೆರಾ ನೋಡಿಕೊಂಡು ಒಂಬತ್ತು ಸೇತುವೆಗಳನ್ನು ಒಟ್ಟಿಗೆ ಎತ್ತುತ್ತಾರೆ. ಕಡೆಯ ದಿನ ಒಂದು ಹೂಗುಚ್ಛ ಕೊಟ್ಟು, ಆ ಬೂಟನ್ನೇ ಮರದ ಹಲಗೆಗೆ ಮೊಳೆ ಹೊಡೆದು ಕಾಣಿಕೆ ಮಾಡಿ ಕಳಿಸಿದರು. ಕೆಲಸ ಹುಡುಕಿಕೊಡುವ ಕಚೇರಿಯಲ್ಲಿ ಒಬ್ಬಾಕೆ ಕೇಳಿದ್ದಳು, "ನಿಮಗೆ ಏನೇನು ಬರುತ್ತೆ?" "ಸೇತುವೆ ಎತ್ತೋಕೆ ಬರುತ್ತೆ." "ಮತ್ತೆ?" "ಇಳಿಸೋಕೂ ಬರುತ್ತೆ." ತಮಾಷೆಗೆ ಅಂದದ್ದಲ್ಲ, ನಿಜಕ್ಕೂ ಅಷ್ಟೇ ಬರುತ್ತಿತ್ತು. ಆಕೆ ನಗದೆ ಅಷ್ಟನ್ನೂ ಬರೆದುಕೊಂಡಳು. ಬರೆದುಕೊಳ್ಳುವಾಗ ಆಕೆಯ ಪೆನ್ನು 'ಇಳಿಸುವುದು' ಎಂಬಲ್ಲಿ ಸ್ವಲ್ಪ ತಡೆದು ನಿಂತಿತು. ಆಕೆ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹಾಯಿದೋಣಿಗಳು ದಾಟಿದವು. ಅದೇ ಗುಡಿಸಲಿನಲ್ಲಿ ಯೆಲ್ಮರ್ ಕೂತಿರುತ್ತಿದ್ದ, ಅಕ್ಕ ಹಿಸ್ಕೆಯ ಮಗ, ಶಾಲೆ ಬಿಟ್ಟು ನೇರ ಅಲ್ಲಿಗೆ ಬಂದು ವೀಬನ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕುತ್ತಿದ್ದ. ಹದಿನಾಲ್ಕನೆಯ ವಯಸ್ಸಿಗೆ ಸೇತುವೆಗೆಂದೇ ಒಂದು ವೆಬ್ ಪುಟ ಮಾಡಿ ತೋರಿಸಿದ್ದ. ನೀಲಿ ಹಿನ್ನೆಲೆ, ಹಳದಿ ಅಕ್ಷರ, ಸೇತುವೆ ತೆರೆಯುವ ಸಮಯ, ಕೆಳಗೆ 'ಸೇತುವೆಯ ರಾಜ: ನಮ್ಮ ಮಾವ ವೀಬ' ಎಂಬ ಸಾಲು. "ನೋಡು ಮಾವ, ಇಲ್ಲಿ ಒತ್ತಿದ್ರೆ ಪುಟದ ಹೊಟ್ಟೆಯೊಳಗೆ ಏನಿದೆ ಅಂತ ಎಲ್ಲಾ ಕಾಣುತ್ತೆ. ಯಾರು ಬೇಕಾದ್ರೂ ನೋಡ್ಬಹುದು, ಬಚ್ಚಿಡೋ ಹಾಗೇ ಇಲ್ಲ." ವೀಬ ಒಂದು ಕ್ಷಣ ನೋಡಿ, "ಇದನ್ನ ಯಾವ ಬಡ್ಡಿಮಗ ನೋಡ್ತಾನೋ, ದೋಣಿಯವ್ರಿಗೆ ಹಾರ್ನ್ ಹೊಡೆಯೋಕೆ ಬರಲ್ವಾ?" ಎಂದು ಕಿಟಕಿಯ ಕಡೆ ತಿರುಗಿದ್ದ. ಹುಡುಗನೂ ನಕ್ಕಿದ್ದ. ನಕ್ಕು ಲ್ಯಾಪ್‌ಟಾಪ್ ಮುಚ್ಚಿದ ಸದ್ದು ಆಗ ಕಿವಿಗೆ ಬಿದ್ದಿರಲೇ ಇಲ್ಲ. ಹೋದ ವರ್ಷ ನೋರ್ ಮೊದಲ ಪಾಠದಲ್ಲಿ, "ಇಲ್ಲಿ ಒತ್ತಿ, ಪುಟದ ಒಳಗೇನಿದೆ ನೋಡಿ," ಎಂದಾಗ ವೀಬ ಎದ್ದು ಹೊರಗೆ ಹೋಗಿ ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತು ಅತ್ತು ಬಂದಿದ್ದ. ಯೆಲ್ಮರ್ ಹದಿನೆಂಟಕ್ಕೆ ಹೋದ. ಫೆಬ್ರವರಿಯ ಒಂದು ಬೆಳಿಗ್ಗೆ, ಒದ್ದೆ ರಸ್ತೆ, ಸ್ಕೂಟರು, ತಿರುವಿನಲ್ಲಿ ಹಾಲಿನ ಲಾರಿ. ಎರಡು ವರ್ಷ ಮೂರು ತಿಂಗಳಾಯಿತು.

ಕೋರ್ಸಿನಲ್ಲಿ ಎಲ್ಲರೂ ಸ್ವಂತದ್ದೊಂದು ಕೆಲಸ ಮಾಡಿ ತೋರಿಸಬೇಕಿತ್ತು, ಅದನ್ನು ನೋಡಿಯೇ ಮುಂದೆ ಯಾರಾದರೂ ಕೆಲಸ ಕೊಡುವುದು. ಹುಡುಗರು ಪಿಜ್ಜಾ ಅಂಗಡಿ, ಹವಾಮಾನ, ಆಟ ಅಂತ ಮಾಡಿದರು. ವೀಬ ಕಕ್ಕಸಿನಲ್ಲಿ ಕೂತಾಗ ಎದುರಿಗೆ ನೇತಾಡುವುದನ್ನು ಮಾಡಿದ. ಅವನ ಮನೆಯಲ್ಲಿ, ಅಮ್ಮನ ಮನೆಯಲ್ಲಿ, ಅಕ್ಕನ ಮನೆಯಲ್ಲಿ, ಎಲ್ಲರ ಮನೆಯ ಕಕ್ಕಸಿನ ಬಾಗಿಲ ಹಿಂದೆಯೂ ಹುಟ್ಟುಹಬ್ಬದ ಕ್ಯಾಲೆಂಡರ್ ಒಂದು ನೇತಾಡುತ್ತಿರುತ್ತದೆ. ವಾರವಿಲ್ಲ, ಇಸವಿಯಿಲ್ಲ, ತಾರೀಖು ಮತ್ತು ಹೆಸರು ಮಾತ್ರ. ಎಷ್ಟೇ ಮರೆಗುಳಿಯಾದರೂ ದಿನಕ್ಕೊಮ್ಮೆ ಅದರ ಮುಂದೆ ಕೂರಲೇಬೇಕಲ್ಲ. ಹುಟ್ಟುಹಬ್ಬದ ಮನೆಗೆ ಹೋಗಿ ಹುಟ್ಟಿದವರಿಗೆ ಮಾತ್ರ ಕೈಕುಲುಕಿದರೆ ಯಾರೂ ಒಪ್ಪುವುದಿಲ್ಲ. ಅವರ ಅಮ್ಮನಿಗೆ 'ಮಗನ ಹುಟ್ಟುಹಬ್ಬಕ್ಕೆ ಅಭಿನಂದನೆ', ಅಜ್ಜಿಗೆ 'ಮೊಮ್ಮಗನ ಹುಟ್ಟುಹಬ್ಬಕ್ಕೆ', ಭಾವನಿಗೆ, ಅತ್ತೆಗೆ, ಗೋಡೆಯ ಸುತ್ತ ಕುರ್ಚಿ ಹಾಕಿ ಕೂತ ಅಷ್ಟೂ ಜನಕ್ಕೆ ಒಬ್ಬೊಬ್ಬರಿಗೂ ಹೇಳಬೇಕು. ವೀಬನ ಕೋಡ್ ಮಾಡುತ್ತಿದ್ದುದು ಅದನ್ನೇ. ಯಾರಿಗೆ ಯಾರು ಏನಾಗಬೇಕೆಂದು ಲೆಕ್ಕ ಹಾಕಿ, ಅವರವರಿಗೆ ತಕ್ಕ ಮಾತಿನಲ್ಲಿ ಮೇಲ್ ಕಳಿಸುವುದು. ನೋರ್ ಅದನ್ನು ನೋಡಿ ಮೇಜು ಕುಟ್ಟಿದಳು. "ಏನ್ ತಲೆ ಸಾರ್ ನಿಮ್ದು! ಈ ಸಂಬಂಧಗಳ ಪಟ್ಟಿ ನನಗೂ ಹೊಳೀತಿರ್ಲಿಲ್ಲ." ಅಷ್ಟು ಹೇಳಿ, ಇಲ್ಲಿಯವರಿಗಿರುವ ಸಲೀಸಿನಲ್ಲಿ ಮುಂದಿನ ಪ್ರಶ್ನೆ ಕೇಳಿದಳು, "ಸರಿ, ಸತ್ತವರನ್ನ ಏನ್ ಮಾಡ್ತೀರಾ?"

ಪ್ರತಿ ಹೆಸರಿನ ಮುಂದೆ ಒಂದು ಚೌಕ ಮಾಡಿದ. ಅದರೊಳಗೆ ಟಿಕ್ ಹಾಕಿ ಉಳಿಸಿದರೆ ಆ ಹೆಸರು ಬೂದು ಬಣ್ಣಕ್ಕೆ ತಿರುಗುತ್ತದೆ, ಆ ಹೆಸರಿನಲ್ಲಿ ಯಾರಿಗೂ ಮೇಲ್ ಹೋಗುವುದಿಲ್ಲ. ಅಪ್ಪನಿಗೆ ಟಿಕ್ ಹಾಕಿದ. ಇಬ್ಬರು ಚಿಕ್ಕಪ್ಪಂದಿರಿಗೆ, ಆಫ್ಕೆಯ ಅಜ್ಜಿಗೆ ಹಾಕಿದ, ಸುಲಭವಾಗಿಯೇ ಆಯಿತು. ಯೆಲ್ಮರ್‌ಗೂ ಹಾಕಿದ. ಹೆಸರು ಬೂದಿಯಾಯಿತು. ಆ ಬಣ್ಣ ಆರಿಸಿದ್ದು ಅವನೇ, ಒಂದು ಇಡೀ ಮಧ್ಯಾಹ್ನ ನಾಲ್ಕಾರು ಬೂದು ಬಣ್ಣಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಕಣ್ಣಿಗೆ ಹಿತ ಎಂದು ನೋಡಿದ್ದ. ಟಿಕ್ ತೆಗೆದ. ಹೆಸರು ಕಪ್ಪಾಯಿತು. ನಾಳೆ ಹಾಕಿದರಾಯಿತು ಎಂದುಕೊಂಡು ಕಾಫಿ ಮಾಡಲು ಎದ್ದು ಹೋದ. ನಾಳೆ ಬಂತು, ಹೋಯಿತು. ಕಕ್ಕಸಿನ ಕ್ಯಾಲೆಂಡರಿನಲ್ಲೂ ಆಫ್ಕೆಯ ದುಂಡು ಅಕ್ಷರದಲ್ಲಿ ಆ ಹೆಸರು ಹಾಗೇ ಇತ್ತು. ಪೆನ್ನು ಹಿಡಿದು ಅದನ್ನು ಹೊಡೆದುಹಾಕುವಷ್ಟು ಗಂಡಸು ಆ ಮನೆಯಲ್ಲಿ ಯಾರಿದ್ದರು?

ಏಪ್ರಿಲ್‌ನಲ್ಲಿ ಆಫ್ಕೆಯ ಹುಟ್ಟುಹಬ್ಬದ ದಿನ ಕುರ್ಚಿಗಳ ಸುತ್ತಿನಲ್ಲಿ ಕೂತ ಬಳಗಕ್ಕೆ ವಿಷಯ ಗೊತ್ತಾಗಿ, "ನಮ್ಮನ್ನೂ ಸೇರಿಸ್ಕೊಳ್ಳೋ, ನಾವೇ ನಿನ್ನ ಪ್ರಯೋಗದ ಇಲಿಗಳು," ಎಂದು ಗದ್ದಲವೆಬ್ಬಿಸಿ ಒಬ್ಬೊಬ್ಬರೂ ಮೇಲ್ ವಿಳಾಸ ಬರೆದುಕೊಟ್ಟರು. ಹಿಸ್ಕೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೋಟು ಬಿಚ್ಚದೆ ಕೂತಿದ್ದಳು. ಅವಳೂ ಕಾಗದ ತೆಗೆದುಕೊಂಡು, ಬರೆದು, ಮಡಚಿ ಕೊಟ್ಟಳು. ಕೊಡುವಾಗ ತಮ್ಮನ ಮುಖ ನೋಡಲಿಲ್ಲ. ನೋಡಬೇಕಾದ ಋಣವೇನೂ ಅವಳಿಗಿರಲಿಲ್ಲ. ಯೆಲ್ಮರ್ ಹೋದ ಮೇಲಿನ ಮೊದಲ ಮೇ ಹದಿನಾಲ್ಕರಂದು, ಅವನ ಹುಟ್ಟುಹಬ್ಬದ ದಿನ, ಅವಳ ಮನೆಗೆ ಯಾರೂ ಹೋಗಿರಲಿಲ್ಲ. ಹದಿನೆಂಟು ವರ್ಷ ಯಾರೂ ಕರೆಯದೆಯೇ ಹೋಗಿ ಕೇಕು ತಿಂದು ಬಂದವರು, ಆ ವರ್ಷ ಎಲ್ಲರೂ ಕರೆಗಾಗಿ ಕಾದರು. ಕರೆಯದೆ ಹೋದರೆ ಅವಳ ದುಃಖಕ್ಕೆ ಅಡ್ಡ ಬಂದಂತಾಗುತ್ತದೆ ಎಂದು ವೀಬ ಹೇಳಿದ, ಆಫ್ಕೆ ಹೌದೆಂದಳು, ಅಮ್ಮ ಹೌದೆಂದಳು. ಸಭ್ಯತೆಗೇನು ಕಡಿಮೆ ಈ ಜನಕ್ಕೆ! ಹಿಸ್ಕೆ ಹನ್ನೊಂದು ಕುರ್ಚಿ ಹಾಕಿ, ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟು ಸಂಜೆಯವರೆಗೆ ಕೂತಿದ್ದಳಂತೆ. ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡಿ ತಿಂಗಳಾದ ಮೇಲೆ ಹೇಳಿದಳು. ಹೋದ ವರ್ಷ ಹೋಗೋಣವೆಂದರೆ, ಮೊದಲ ವರ್ಷ ಹೋಗದವನು ಈಗ ಯಾವ ಮುಖ ಹೊತ್ತು ಹೋಗುವುದು? ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಆದ್ದರಿಂದಲೇ ಸಂದರ್ಶನಕ್ಕೆ ಕರೆದ ಕಂಪನಿಯ ಮಿರ್ತೆ ಫೋನ್ ಮಾಡಿ, "ಹದಿನಾಲ್ಕಕ್ಕೆ ಬರ್ತೀರಾ, ಇಲ್ಲ ಹದಿನಾರಕ್ಕಾ?" ಎಂದು ಕೇಳಿದಾಗ ಅವನು ಆಕೆಯ ಮಾತು ಮುಗಿಯುವುದರೊಳಗೆ "ಹದಿನಾಲ್ಕು" ಎಂದಿದ್ದ. ಸಂದರ್ಶನವಿದೆ, ಹೋಗಲಾಗಲಿಲ್ಲ. ಯಾರು ಏನೆನ್ನಲು ಸಾಧ್ಯ? ಅದು ಎಷ್ಟು ಸಲೀಸಾದ ಸಮಾಧಾನವಾಗಿತ್ತೆಂದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ನಿನ್ನೆ ಮಧ್ಯಾಹ್ನ ಆಕೆ ಮತ್ತೆ ಬರೆದಳು, ನಿಮ್ಮ ಕ್ಯಾಲೆಂಡರ್ ನಮ್ಮ ಕಣ್ಣೆದುರೇ ಕೆಲಸ ಮಾಡುವುದನ್ನು ನೋಡಬೇಕು, ನಾಳೆ ಯಾರದಾದರೂ ಹುಟ್ಟುಹಬ್ಬ ಇದೆಯಾ? ವೀಬ ಉತ್ತರ ಬರೆದ: ಇಲ್ಲ, ಆದರೂ ತೋರಿಸಬಹುದು, ಹತ್ತೂಕಾಲಿಗೆ 'ಇಂದು ಕಳಿಸಿದ್ದು: ಸೊನ್ನೆ' ಎಂದು ಬರುತ್ತದೆ. ಬರೆದು, ಇಷ್ಟು ದಿನ ಬಂದ್ ಮಾಡಿಟ್ಟಿದ್ದ ಮೇಲ್ ಕಳಿಸುವ ಗುಂಡಿಯನ್ನು ಚಾಲೂ ಮಾಡಿದ. ನಾಳೆ ಹದಿನಾಲ್ಕು ಎಂಬುದು ಅವನಿಗೆ ಗೊತ್ತಿತ್ತು. ಪಟ್ಟಿಯಲ್ಲಿ ಆ ಹೆಸರು ಕಪ್ಪಾಗಿಯೇ ಇದೆ ಎಂಬುದೂ ಗೊತ್ತಿತ್ತು. ಎರಡು ತಿಳಿವಳಿಕೆಗಳೂ ಒಂದೇ ತಲೆಯೊಳಗೆ ಒಂದಕ್ಕೊಂದು ಗುರುತೇ ಇಲ್ಲದ ಬಾಡಿಗೆದಾರರಂತೆ ವಾಸವಾಗಿದ್ದವು.

ಕಂಪನಿ ಹಳೆಯ ಗೋದಾಮಿನ ಎರಡನೆಯ ಅಂತಸ್ತಿನಲ್ಲಿತ್ತು. ಮಿರ್ತೆಗೆ ಮೂವತ್ತಿರಬಹುದು. ಯಜಮಾನ ಖೈಸ್ ಅವಳಿಗಿಂತ ಸ್ವಲ್ಪ ದೊಡ್ಡವನು, ಕಾಲುಚೀಲದಲ್ಲೇ ಓಡಾಡುತ್ತಿದ್ದ. ಕಾಫಿ ಕೊಟ್ಟರು, ಜೊತೆಗೆ ಒಂದೇ ಬಿಸ್ಕತ್ತು, ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿಕೊಂಡಿತು. "ನೇರವಾಗಿ ಕೇಳ್ತೀನಿ, ಬೇಜಾರಾಗ್ಬೇಡಿ. ನಿಮ್ಮ ಪಕ್ಕ ಕೂರೋ ಹುಡುಗನಿಗೆ ಇಪ್ಪತ್ತನಾಲ್ಕು. ಅವನು ನಿಮ್ಮ ತಪ್ಪು ತಿದ್ದಿದ್ರೆ ಸಹಿಸ್ಕೋತೀರಾ?" ಎಂದ ಖೈಸ್. "ನನ್ನ ತಪ್ಪನ್ನ ಇಪ್ಪತ್ತಮೂರು ವರ್ಷ ದೋಣಿಯವ್ರು ತಿದ್ದಿದಾರೆ, ಅದೂ ಅವ್ರ ಭಾಷೇಲಿ," ಎಂದ ವೀಬ. ಇಬ್ಬರೂ ನಕ್ಕರು. ತನ್ನ ಮಾತಿಗೆ ಜನ ನಕ್ಕು ಎಷ್ಟು ದಿನವಾಗಿತ್ತು! ಬೆನ್ನು ತಾನಾಗಿಯೇ ನೆಟ್ಟಗಾಯಿತು. ಲ್ಯಾಪ್‌ಟಾಪನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಿ, ಸಂಬಂಧಗಳ ಪಟ್ಟಿ ತೋರಿಸಿ, ಎಲ್ಲಿ ಎಡವಿದೆ, ಹೇಗೆ ಸರಿಪಡಿಸಿದೆ ಎಂದು ವಿವರಿಸಿದ. ಬಸ್ಸಿನಲ್ಲಿ ನೆನಪಾಗದ ಒಂದೊಂದು ಸಾಲೂ ಈಗ ನಾಲಿಗೆಯ ಮೇಲೆ ಬಂದು ಕೂತಿತ್ತು. ಈ ಕೆಲಸ ತನಗೆ ಬೇಕು ಎಂಬುದು ಅವನಿಗೆ ಆಗ ತಿಳಿಯಿತು. ಆಫ್ಕೆಗಾಗಿ ಅಲ್ಲ, ಕಚೇರಿಯಾಕೆಗೆ ತೋರಿಸುವುದಕ್ಕೂ ಅಲ್ಲ, ನಾಚಿಕೆಯಾಗುವಷ್ಟು ಬೇಕು.

"ಹತ್ತೂ ಹದಿನಾಲ್ಕು," ಎಂದಳು ಮಿರ್ತೆ, ಕುರ್ಚಿ ಎಳೆದುಕೊಂಡು ಕೂತು, ನಾಟಕ ನೋಡುವವಳಂತೆ ಕೈಕಟ್ಟಿ. "ಈಗ ಸೊನ್ನೆ ಬರುತ್ತೆ ಅಲ್ವಾ?" ಪರದೆ ಒಮ್ಮೆ ಮಿನುಗಿತು. 'ಇಂದು ಕಳಿಸಿದ್ದು: ಹನ್ನೊಂದು.' ವೀಬನ ಜೇಬಿನಲ್ಲಿ ಫೋನು ನಡುಗಿತು, ಹನ್ನೊಂದರಲ್ಲಿ ಒಂದು ಅವನಿಗೇ ಬಂದಿತ್ತು. ಕೆಳಗೆ ಒಂದೊಂದಾಗಿ ಸಾಲುಗಳು ಮೂಡಿದವು, ಅವನು ಕಲಿಸಿದ ಹಾಗೆಯೇ, ಒಂದು ಅಕ್ಷರವೂ ತಪ್ಪಿಲ್ಲದೆ. ಮೊದಲನೆಯದು ಹಿಸ್ಕೆಗೆ: ನಿಮ್ಮ ಮಗ ಯೆಲ್ಮರ್‌ನ ಹುಟ್ಟುಹಬ್ಬಕ್ಕೆ ಹಾರ್ದಿಕ ಅಭಿನಂದನೆಗಳು! ಅವನಿಗೆ ಇಂದು ಇಪ್ಪತ್ತೊಂದು ತುಂಬಿತು.

"ಅಯ್ಯೋ ದೇವ್ರೇ!" ಮಿರ್ತೆ ಚಪ್ಪಾಳೆ ತಟ್ಟಿದಳು. "ಯಾರಿದು? ಅಕ್ಕನ ಮಗನಾ? ಸ್ವಂತ ಅಕ್ಕನ ಮಗನ ಹುಟ್ಟುಹಬ್ಬ ಮರ್ತಿದ್ರಾ? ಅದಕ್ಕೇ ಇದನ್ನ ಕಟ್ಟಿದ್ದು, ಈಗ ಗೊತ್ತಾಯ್ತು!" ಖೈಸ್ ಎದ್ದು ಬಂದು ಕೈ ಚಾಚಿದ. "ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಅಭಿನಂದನೆ ವೀಬ." ಈಗ ಹೇಳಬೇಕಿತ್ತು. ಒಂದು ಸಣ್ಣ ವಾಕ್ಯ, ಮೂರು ಪದ. ಹೇಳಿದರೆ ಈ ಕೋಣೆಯ ನಗು ನಿಂತುಹೋಗುತ್ತದೆ, ಕಟ್ಟಿದ್ದೆಲ್ಲ ಒಂದು ತಪ್ಪಾಗಿ ಗೋಡೆಯ ಮೇಲೆ ಉಳಿಯುತ್ತದೆ, ಪಾಪ ಎನ್ನುತ್ತಾರೆ, ಬಾಗಿಲವರೆಗೆ ಬಂದು ಬೀಳ್ಕೊಡುತ್ತಾರೆ. "ಥ್ಯಾಂಕ್ಸ್," ಎಂದ ವೀಬ. ಮಿರ್ತೆ ಕೈಕುಲುಕಿದಳು. "ಥ್ಯಾಂಕ್ಸ್." ಖೈಸ್ ಪಕ್ಕದ ಕೋಣೆಗೆ ಕೂಗಿದ, "ಬರ್ರೋ ಎಲ್ಲಾ, ಹುಟ್ಟುಹಬ್ಬ!" ನಾಲ್ಕು ಜನ ಹುಡುಗರು ಎದ್ದು ಬಂದು, ಗುರುತಿಲ್ಲದವನ ಕೈಯನ್ನು ಸರದಿಯಲ್ಲಿ ಕುಲುಕಿದರು. ಒಬ್ಬ, "ಇಪ್ಪತ್ತೊಂದಾ? ನನ್ನ ತಮ್ಮನ ಜೊತೆಯವ್ನು. ಏನ್ ಓದ್ತಿದಾನೆ?" ಎಂದ. "ಇದೇ," ಎಂದ ವೀಬ, "ಕಂಪ್ಯೂಟರು. ನನಗಿಂತ ಚೆನ್ನಾಗಿ ಮಾಡ್ತಾನೆ." ಮಾಡ್ತಾನೆ. ಆ ಪದ ಬಾಯಿಯಿಂದ ಹೊರಬಿದ್ದ ಮೇಲೆ ಹಿಂದಕ್ಕೆ ಕರೆಯುವುದು ಅವನಿಂದಾಗಲಿಲ್ಲ. ಆಮೇಲಿನ ಅರ್ಧ ಗಂಟೆ ಅವರು ಕೊಟ್ಟ ಪರೀಕ್ಷೆಯನ್ನು ಬರೆದ. ಬೆರಳು ಒಮ್ಮೆಯೂ ನಡುಗಲಿಲ್ಲ. ಅದಕ್ಕಾಗಿ ಅವನಿಗೆ ತನ್ನ ಬೆರಳುಗಳ ಮೇಲೆ ಅಸಹ್ಯ ಹುಟ್ಟಿತು.

ಬೀದಿಗೆ ಬಂದು ಫೋನು ತೆಗೆದ. ಅಮ್ಮನ ಕರೆ ಮೂರು, ಆಫ್ಕೆಯ ಕರೆ ಐದು, ಜೊತೆಗೆ ಆಫ್ಕೆಯ ಒಂದು ಸಂದೇಶ: 'ಏನ್ ಮಾಡಿಟ್ಟೆ ನೀನು? ಮೊದ್ಲು ಅಕ್ಕನ ಮನೆಗೆ ಹೋಗು. ಇಲ್ಲಿಗೆ ಬರ್ಬೇಡ.' ಹಿಸ್ಕೆಯಿಂದ ಏನೂ ಇರಲಿಲ್ಲ. ಅವಳ ಹಳ್ಳಿಗೆ ಹೋಗುವ ಬಸ್ಸು ಹತ್ತಿ ಕೂತು ಲ್ಯಾಪ್‌ಟಾಪ್ ತೆರೆದ. ಹೆಸರಿತ್ತು, ಮುಂದೆ ಖಾಲಿ ಚೌಕವಿತ್ತು. ಈಗ ಟಿಕ್ ಹಾಕಬಹುದಿತ್ತು. ಪಕ್ಕದಲ್ಲಿ ಕೂತ ಮುದುಕಿ ಕುತೂಹಲದಿಂದ ಪರದೆ ನೋಡಿ, "ಲೆಕ್ಕಪತ್ರಾನಾ?" ಎಂದಳು. "ಅಲ್ಲಜ್ಜಿ, ಮನೆಯವ್ರ ಹೆಸರು," ಎಂದ. ಈಗ ಟಿಕ್ ಹಾಕುವುದೆಂದರೆ ತಪ್ಪು ಮಾಡಿ ಕೈ ತೊಳೆದುಕೊಂಡಂತೆ. ಮುಚ್ಚಿದ. ತಾನು ಹೇಡಿ, ಹಿಂದೆಯೂ ಹೇಡಿಯೇ ಆಗಿದ್ದೆ, ಆಗ ಅದಕ್ಕೆ ಸಭ್ಯತೆ ಎಂದು ಹೆಸರಿಟ್ಟಿದ್ದೆ ಎಂದು ಯೋಚಿಸುತ್ತ ಹೋದ. ಹೊರಗೆ ಹುಲ್ಲುಗಾವಲು, ಹಸುಗಳು, ಮತ್ತೆ ಹುಲ್ಲುಗಾವಲು.

ಹಿತ್ತಲ ಬಾಗಿಲು ತೆರೆದೇ ಇತ್ತು. ಹಿಸ್ಕೆ ಅಡುಗೆಮನೆಯ ಮೇಜಿನ ಮುಂದೆ ಬೀನ್ಸ್ ಬಿಡಿಸುತ್ತಿದ್ದಳು. ಗಂಡ ಬೇರೆ ಊರಿಗೆ ಹೋಗಿ ವರ್ಷವಾಗಿತ್ತು, ಆ ಮನೆಯಲ್ಲಿ ಈಗ ಅವಳೊಬ್ಬಳೇ. ಮೇಜಿನ ಮೇಲೆ ಅವಳ ಫೋನು ಬೋರಲು ಬಿದ್ದಿತ್ತು.

"ಬಂದ್ಯಾ?" ತಲೆಯೆತ್ತಲಿಲ್ಲ. "ನಿನಗಿಂತ ಮುಂಚೆ ನಿನ್ನ ಮೆಷಿನ್ ಬಂತು. ಅದಕ್ಕೆ ನಿನಗಿಂತ ಮರ್ಯಾದೆ ಇದೆ, ಟೈಮಿಗೆ ಸರಿಯಾಗಿ ಬಂತು."

"ಅಕ್ಕ, ತಪ್ಪಾಯ್ತು. ಅದು ಹೇಗಾಯ್ತು ಅಂದ್ರೆ..."

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ಮರ್ತಿದ್ಯಾ, ನೆನಪಿತ್ತಾ, ಅಷ್ಟ್ ಹೇಳು."

"ನೆನಪಿತ್ತು." ಅವನಿನ್ನೂ ಚೀಲ ಇಳಿಸಿರಲಿಲ್ಲ. "ಸತ್ತವ್ರ ಮುಂದೆ ಗುರುತು ಹಾಕ್ಬೇಕಿತ್ತು. ಅವನ್ಗೆ ಹಾಕೋಕೆ ನನ್ನ ಕೈಲಿ ಆಗ್ಲಿಲ್ಲ. ಇವತ್ತಿನ ಇಂಟರ್‌ವ್ಯೂನೂ, ಹದಿನಾರಕ್ಕೂ ಬರ್ಬಹುದು ಅಂದಿದ್ರು. ನಾನೇ ಹದಿನಾಲ್ಕು ಅಂದೆ. ಇಲ್ಲಿಗೆ ಬರೋದು ತಪ್ಪುತ್ತೆ ಅಂತ."

ಹಿಸ್ಕೆ ಒಂದು ಬೀನ್ಸ್ ಮುರಿದಳು. "ಗೊತ್ತು," ಎಂದಳು. "ಅಮ್ಮ ಫೋನ್ ಮಾಡಿದ್ಲು. ಅವಳಿಗೂ ಹೋಗಿದೆಯಲ್ಲ ನಿನ್ನ ಕಾಗದ. ಅವಳ ತಲೆ ಈಗ ಹೇಗಿದೆ ಅಂತ ನಿನಗೇ ಗೊತ್ತು. 'ನೀಲಿ ಸ್ವೆಟರ್ ಹಾಕ್ಕೊಂಡು ಕೂತಿದೀನಿ, ಕಾಫಿ ಎಷ್ಟ್ ಗಂಟೆಗೆ, ಹುಡುಗನಿಗೆ ಕೊಡೋಕೆ ಏನ್ ತರ್ಲಿ' ಅಂತ ಕೇಳ್ತಾಳೆ. ಏನ್ ಹೇಳ್ಲೋ ನಾನು ಅವಳಿಗೆ? ಎರಡನೇ ಸಲ ಹೇಳ್ಬೇಕಾ? ನೀನ್ ಹೇಳ್ತೀಯಾ?"

ವೀಬ ಕುರ್ಚಿ ಎಳೆದುಕೊಂಡು ಕೂತ. ಅಳು ಬಂತು, ಸಣ್ಣ ಹುಡುಗನಿಗೆ ಬರುವಂತೆ ಮೂಗು ಬಾಯಿ ಎಲ್ಲ ಸೇರಿಕೊಂಡು ಬಂತು. ಹಿಸ್ಕೆ ಅವನನ್ನು ಅಳಲು ಬಿಟ್ಟಳು. ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಬಹಳ ಹೊತ್ತಿನ ಮೇಲೆ ಬೀನ್ಸಿನ ಪಾತ್ರೆಯನ್ನು ಅವನ ಕಡೆ ತಳ್ಳಿದಳು. ಅವನೂ ಬಿಡಿಸತೊಡಗಿದ. "ಇಪ್ಪತ್ತೊಂದು ಅಂತ ಸರಿಯಾಗೇ ಹಾಕಿದೆ," ಎಂದಳು. "ನಾನೂ ಅಷ್ಟೇ ಹಿಡಿದಿದ್ದೆ. ಬೇರೆ ಯಾರೂ ಲೆಕ್ಕ ಇಟ್ಟಿಲ್ಲ ಅನ್ಕೊಂಡಿದ್ದೆ."

ಮೂರು ಗಂಟೆ ದಾಟಿತ್ತು. ವೀಬನ ಫೋನು ಮೊಳಗಿತು, ಪರದೆಯ ಮೇಲೆ ಮಿರ್ತೆಯ ಹೆಸರು. ಅವನು ಕೈ ಹಿಂದಕ್ಕೆಳೆದುಕೊಂಡ. "ಯಾರು, ಕೆಲಸದವ್ರಾ? ತಗೋ," ಎಂದಳು ಹಿಸ್ಕೆ. ಅವನು ಅಲುಗಲಿಲ್ಲ. "ಕತ್ತೆ ವಯಸ್ಸಾಗಿದೆ, ಇದಕ್ಕೂ ಹೆದ್ರಿಕೆ," ಎಂದು ಒದ್ದೆ ಬೆರಳಿನಿಂದ ತಾನೇ ಸ್ಪೀಕರ್ ಒತ್ತಿದಳು. ಮಿರ್ತೆಯ ದನಿ ಅಡುಗೆಮನೆಯ ತುಂಬ ತುಂಬಿಕೊಂಡಿತು.

"ವೀಬ! ಕೆಲಸ ನಿಮ್ದೇ! ಜೂನ್ ಮೂರಕ್ಕೆ ಬನ್ನಿ. ಖೈಸ್‌ಗೆ ನಿಮ್ಮ ಪರೀಕ್ಷೆಗಿಂತ ಆ ಕ್ಯಾಲೆಂಡರೇ ಇಷ್ಟ ಆಗಿದ್ದು, ಇಷ್ಟು ಜೀವ ಇರೋ ಕೆಲಸ ನಾವು ನೋಡೇ ಇಲ್ಲ ಅಂತಿದಾನೆ. ಹಲೋ? ಕೇಳಿಸ್ತಾ? ಓ, ಹುಟ್ಟುಹಬ್ಬದ ಮನೇಲಿದೀರಾ?"

ವೀಬ ಅಕ್ಕನನ್ನು ನೋಡಿದ. ಹತ್ತು ತಿಂಗಳು, ಇಪ್ಪತ್ತಮೂರು ವರ್ಷ, ಕಚೇರಿಯಾಕೆಯ ಪೆನ್ನು, ಎಲ್ಲವೂ ಆ ಫೋನಿನೊಳಗಿತ್ತು. ಹೋದರೆ ಹೋಗಲಿ. ಅಕ್ಕನ ಮುಂದೆ ಕೂತು ಇನ್ನೊಮ್ಮೆ ಥ್ಯಾಂಕ್ಸ್ ಅನ್ನುವುದು ತನ್ನಿಂದಾಗದು. "ಮಿರ್ತೆ, ನಾನು ಬೆಳಿಗ್ಗೆ ಒಂದು ಮಾತು ಹೇಳ್ಬೇಕಿತ್ತು," ಎಂದು ಶುರು ಮಾಡಿದ. "ಯೆಲ್ಮರ್..."

ಹಿಸ್ಕೆಯ ಕೈ ಅವನ ಕೈಯ ಮೇಲೆ ಬಿತ್ತು. "ನಾನು ಯೆಲ್ಮರ್ ತಾಯಿ," ಎಂದಳು ಫೋನಿನ ಕಡೆ ಬಾಗಿ.

"ಓ! ಅಮ್ಮಾವ್ರೇ! ಮಗನ ಹುಟ್ಟುಹಬ್ಬಕ್ಕೆ ತುಂಬು ಹೃದಯದ ಅಭಿನಂದನೆ!"

ಹಿಸ್ಕೆ ಕಣ್ಣು ಮುಚ್ಚಿಕೊಂಡಳು. ಗೋಡೆಯಾಚೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. "ಥ್ಯಾಂಕ್ಸ್ ಕಣಮ್ಮಾ," ಎಂದಳು.

"ಮನೇಲಿದಾನಾ? ಒಂದ್ ಮಾತು ನಾನೇ ಹೇಳ್ಬಿಡ್ತೀನಿ."

"ಇಲ್ಲ. ಹೊರಗಡೆ ಹೋಗಿದಾನೆ."

"ಮತ್ತೆ! ಇಪ್ಪತ್ತೊಂದಕ್ಕೆ ಮನೇಲಿ ಯಾರ್ ಕೂರ್ತಾರೆ!" ಮಿರ್ತೆ ನಕ್ಕಳು. "ಬಂದ್ಮೇಲೆ ಹೇಳಿ."

"ಹೇಳ್ತೀನಿ," ಎಂದಳು ಹಿಸ್ಕೆ.

ಫೋನು ಆರಿತು. ವೀಬ ಬಾಯಿ ತೆರೆದ, ಅವಳು ಬೇಡವೆಂದು ತಲೆಯಾಡಿಸಿದಳು. ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡಳು, ಒರೆಸಿದಷ್ಟೂ ಒದ್ದೆಯಾಗುತ್ತಲೇ ಇತ್ತು. "ಮೂರು ವರ್ಷ ಆಯ್ತು ಕಣೋ, ಯಾರ ಬಾಯಲ್ಲೂ ಆ ಮಾತು ಕೇಳಿ," ಎಂದಳು. "ಆ ಹುಡುಗೀಗೆ ನಿಜ ಹೇಳ್ಬೇಡ. ಅಲ್ಲೊಂದು ಕಡೆಯಾದ್ರೂ ಬದುಕಿರ್ಲಿ ಅವನು."

"ಅಕ್ಕ, ದಿನಾ ಅಲ್ಲಿಗೆ ಹೋಗೋನು ನಾನು. ಹೇಗಿದಾನೆ, ಏನ್ ಮಾಡ್ತಿದಾನೆ ಅಂತ ಕೇಳ್ತಾರೆ."

"ಕೇಳ್ಲಿ. ಹೇಳು. ಅಷ್ಟಾದ್ರೂ ಮಾಡು." ಪಾತ್ರೆ ಎತ್ತಿಕೊಂಡು ಎದ್ದವಳು ಸಿಂಕಿನ ಹತ್ತಿರ ಅವನಿಗೆ ಬೆನ್ನು ಮಾಡಿ ನಿಂತು ನಲ್ಲಿ ತಿರುಗಿಸಿದಳು. "ಮುಂದಿನ ವರ್ಷ ಕೇಳಿದಾಗ ತಡವರಿಸ್ಬೇಡ. ಇಪ್ಪತ್ತೆರಡು."